ಇಲಿ ಎಲುಬಿನ್ಯಾಗಿನ ಅಲೆಂಡ್ರೊನೇಟ್ ಅಳೆಯೋದು ಹೆಂಗ್ರಿ?

ಪ್ರಶ್ನೆ (ಕಲಬುರಗಿ, ಫಾರ್ಮಸಿ ಸಂಶೋಧನಾ ವಿದ್ಯಾರ್ಥಿನಿ):
ಎಲುಬಿಗೇ ಹೋಗಿ ಕೂಡುವಂಥ ನ್ಯಾನೊ ಕಣದಾಗ ಅಲೆಂಡ್ರೊನೇಟ್ (ಎಲುಬು ಸವೆಯೋದು ತಡೆಯೋ ಔಷಧಿ) ತುಂಬಿ ಇಲಿಗಳಿಗೆ ಕೊಡೋದದ. ತೊಡೆ ಎಲುಬಿನ್ಯಾಗ ಎಷ್ಟು ಸೇರ್ತದ ಅಂತ ಅಳೆದು ತೋರಿಸಬೇಕು. ನಮ್ಮಲ್ಲಿ ಯುವಿ ಡಿಟೆಕ್ಟರಿನ ಎಚ್‌ಪಿಎಲ್‌ಸಿ (ದ್ರಾವಣದಾಗಿನ ಪದಾರ್ಥ ಬೇರ್ಪಡಿಸಿ, ಅದು ಹೀರೋ ಯುವಿ ಬೆಳಕಿನಿಂದ ಅಳೆಯೋ ಮಷೀನ್) ಅಷ್ಟೇ ಅದ. ಮಾಡಿ ಗೊತ್ತಿದ್ದವರು ಹೇಳ್ರಿ, ಎಲ್ಲಿಂದ ಸುರು ಮಾಡ್ಲಿ?

ಉತ್ತರ (ಆಳಂದ ಕಡೆಯವ, ಈಗ ಹೈದರಾಬಾದಿನ ಲ್ಯಾಬಿನ್ಯಾಗ):
ತಂಗಿ, ಮಷೀನಿನ ಚಿಂತಿ ಆಮ್ಯಾಲೆ, ಮೊದಲು ಎಲುಬಿನ ಕಡೆ ನೋಡು. ಈ ಔಷಧಿ ಎಲುಬಿನ ಖನಿಜ ಹೈಡ್ರಾಕ್ಸಿಅಪಟೈಟಿನ ಕ್ಯಾಲ್ಸಿಯಂಗೆ ಗಟ್ಟಿ ಹಿಡ್ಕೊಂಡಿರ್ತದ. ಮೆಥನಾಲ್ ಹಾಕಿ ಎಷ್ಟು ಅಲುಗಾಡಿಸಿದ್ರೂ ಹೊರಗ ಬರಂಗಿಲ್ಲ, ಎಲುಬೇ ಕರಗಬೇಕು. ಸಿರಿಂಜಿನಿಂದ ಸಲೈನ್ ಹೊಡೆದು ಮಜ್ಜೆ ತೆಗಿ, ದ್ರವ ನೈಟ್ರೋಜನ್ ಸುರುವಿ ಕುಟ್ಟಿ ಪುಡಿ ಮಾಡು, 1 ಮೋಲಾರ್ ಹೈಡ್ರೋಕ್ಲೋರಿಕ್ ಆಸಿಡಿನ್ಯಾಗ ರಾತ್ರಿಯಿಡೀ ಬಿಡು. ಪುಡಿ ಬಿದ್ದ ಕೂಡ್ಲೆ ನೊರೆ ಏಳ್ತದ, ಎಲುಬಿನ ಕಾರ್ಬೊನೇಟಿನ ಗ್ಯಾಸ್ ಅದು, ಮುಚ್ಚಳ ಬಿಗಿ ಮಾಡಬ್ಯಾಡ. ಬೆಳಗಾದ್ರ ಮೆತ್ತನ್ನ ಕೊಲಾಜನ್ ಚೂರು ಅಷ್ಟೇ ಉಳೀತಾವ. ಅದನ್ನ ಸೋಸಿ, ಸೋಡಿಯಂ ಹೈಡ್ರಾಕ್ಸೈಡ್ ಹನಿಹನಿಯಾಗಿ ಹಾಕು. ಬೆಳ್ಳಗ ಕ್ಯಾಲ್ಸಿಯಂ ಫಾಸ್ಫೇಟ್ ತಳಕ್ಕ ಇಳೀತದ, ಔಷಧಿನೂ ಅದರ ಜೋಡಿನೇ ಇಳೀತದ. ಮ್ಯಾಲಿನ ನೀರು ಚೆಲ್ಲಿ, ತೊಳೆದು, ಮತ್ತ ಕರಗಿಸು. ಕ್ಯಾಲ್ಸಿಯಂ ಹಿಡಿದಿಡ್ಲಿಕ್ಕೆ ಇಡಿಟಿಎ ಇರ್ಲಿ.

ಅಲೆಂಡ್ರೊನೇಟ್ ಯುವಿಗೆ ಕಾಣಂಗಿಲ್ಲ. ಅದರ ಅಮೈನಿಗೆ (ನೈಟ್ರೋಜನ್ ಇರೋ ತುದಿಗೆ) ಎಫ್‌ಮಾಕ್ ಅನ್ನೋ ಯುವಿ ಹೀರೋ ರಾಸಾಯನಿಕ ಕೂಡಿಸಿದ್ರ ಕಾಣ್ತದ, ಫ್ಲೋರೆಸೆನ್ಸ್ ಡಿಟೆಕ್ಟರ್ ಸಿಕ್ರ ಇನ್ನೂ ಛಲೋ. ಆದ್ರ ಉಳಿದ ಅಮೈನೋ ಆಮ್ಲಕ್ಕೂ ಎಫ್‌ಮಾಕ್ ಅಂಟ್ತದ, ಹಂಗಾಗಿ ಔಷಧಿ ಕೊಡದ ಇಲಿಯ ಎಲುಬನ್ನೂ ಹಿಂಗೇ ಓಡಿಸಿ ಗ್ರಾಫಿನ ಪೀಕ್ ಹೋಲಿಸು. ಗೊತ್ತಿದ್ದ ಪ್ರಮಾಣದಿಂದ ಮಾಡೋ ಸ್ಟ್ಯಾಂಡರ್ಡ್ ಕರ್ವನ್ನೂ ಆ ಖಾಲಿ ಎಲುಬಿನ ಪುಡಿಗೇ ಔಷಧಿ ಬೆರೆಸಿ ಮಾಡು, ನೀರಿನ್ಯಾಗ ಬ್ಯಾಡ. ಗಾಜಿನ ಬಾಟ್ಲಿ ಬಿಟ್ಟು ಪಾಲಿಪ್ರೊಪಿಲೀನ್ ಟ್ಯೂಬ್ ಹಿಡಿ, ಗಾಜಿಗೆ, ಉಕ್ಕಿಗೆ ಇದು ಅಂಟ್ತದ. ಒಂದು ಮಾತು: ಬೆರೆಸಿದ ಔಷಧಿ ಪುಡಿಯ ಮೈಮ್ಯಾಲೆ ಇರ್ತದ, ಇಲಿಯೊಳಗ ಸೇರಿದ್ದು ಎಲುಬಿನ ಒಳಪದರಿನ್ಯಾಗ ಹುದುಗಿರ್ತದ. ಅದಕ್ಕ ಉಳಿದ ಚೂರಿಗೆ ಇನ್ನೊಮ್ಮೆ ಆಸಿಡ್ ಹಾಕಿ, ಏನೂ ಬಾಕಿ ಇಲ್ಲಂತ ನೋಡೇ ಮುಂದ ಹೋಗು.

ಉತ್ತರ (ಬೀದರ, ಪಶುವೈದ್ಯೆ):
ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ತೂಕ. ನಮ್ಮ ಬೇಸಿಗೆಯಲ್ಲಿ ಬೆಂಚಿನ ಮೇಲಿಟ್ಟ ಹಸಿ ಎಲುಬು ನೋಡನೋಡುತ್ತಲೇ ಒಣಗಿ ಹಗುರಾಗುತ್ತದೆ. ಔಷಧಿ ಅಷ್ಟೇ ಇದ್ದರೂ ಗ್ರಾಂ ಲೆಕ್ಕದಲ್ಲಿ ಹೆಚ್ಚು ಕಾಣುತ್ತದೆ. ತೂಕ ಬದಲಾಗದಷ್ಟು ಒಣಗಿಸಿ ಆಮೇಲೆ ತೂಗಿ. ಇಡೀ ತೊಡೆ ಎಲುಬನ್ನು ಒಟ್ಟಿಗೇ ಕುಟ್ಟಬೇಡಿ. ಮೊಣಕಾಲಿನ ಬದಿಯ ಜಾಳಿಗೆಯಂಥ ಭಾಗದಲ್ಲಿ ಎಲುಬು ಬೇಗ ಬದಲಾಗುತ್ತದೆ, ಔಷಧಿಯೂ ಅಲ್ಲೇ ಹೆಚ್ಚು ಸೇರುತ್ತದೆ. ನಡುವಿನ ಗಟ್ಟಿ ಭಾಗವನ್ನು ಬೇರೆಯೇ ಅಳೆಯಿರಿ. ಬಲಗಾಲಿನದ್ದನ್ನು ಫ್ರೀಜರಿನಲ್ಲಿಟ್ಟು ಇದಕ್ಕೆ ಬಳಸಿ, ಹಿಸ್ಟಾಲಜಿಗೆ (ಸೂಕ್ಷ್ಮದರ್ಶಕದಲ್ಲಿ ಅಂಗಾಂಶ ನೋಡುವುದಕ್ಕೆ) ಎಡಗಾಲಿನದು. ಹಿಸ್ಟಾಲಜಿಯವರ ಡೀಕ್ಯಾಲ್ಸಿಫೈಯಿಂಗ್ (ಕ್ಯಾಲ್ಸಿಯಂ ತೆಗೆಯುವ) ದ್ರಾವಣಕ್ಕೆ ಬಿದ್ದ ಎಲುಬಿನ ಔಷಧಿ ಆ ದ್ರಾವಣದಲ್ಲೇ ಹೋಗಿಬಿಡುತ್ತದೆ.

ಉತ್ತರ (ಯಾದಗಿರಿ):
ಇಲಿಗಳಿಗೆ ಬೋರ್‌ವೆಲ್ ನೀರು ಕೊಡಬ್ಯಾಡ್ರಿ. ನಮ್ಮ ಭಾಗದ ಎಷ್ಟೋ ಊರಾಗ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿ ದಾಟ್ಯದ. ಫ್ಲೋರೈಡ್ ಅದೇ ಅಪಟೈಟಿನ್ಯಾಗೇ ಹೋಗಿ ಕೂಡ್ತದ, ಎಲುಬಿನ ಗುಣನೇ ಬದಲಾಗ್ತದ. ಎಲ್ಲ ಗುಂಪಿಗೂ ಆರ್‌ಒ ನೀರೇ ಇಡ್ರಿ, ಫೀಡಿನ ಕ್ಯಾಲ್ಸಿಯಂ ಎಷ್ಟಂತನೂ ಬರೆದಿಡ್ರಿ.