ಹೊಸ ಟಿವಿ ಆಂಟೆನಾ ಹಾಕಿದ ಮೇಲೆ ಚಿತ್ರ ಒಡೆಯುತ್ತಿದೆ: ಸ್ಟ್ರೆಂತ್ 90, ಕ್ವಾಲಿಟಿ 30

ಪ್ರಶ್ನೆ

ಮಹಡಿ ಮೇಲಿದ್ದ ಹಳೆಯ ಯುಎಚ್‌ಎಫ್ (ಟಿವಿ ಪ್ರಸಾರದ ಬ್ಯಾಂಡ್) ಯಾಗಿ ಆಂಟೆನಾ, ಅಂದರೆ ಸಾಲಾಗಿ ಕಡ್ಡಿಗಳಿರುವ ಆಂಟೆನಾ, ತುಕ್ಕು ಹಿಡಿದಿತ್ತು. ಅದನ್ನು ಇಳಿಸಿ, ಒಳಗೇ ಬೂಸ್ಟರ್ (ಸಿಗ್ನಲ್ ಹೆಚ್ಚಿಸುವ ಸಾಧನ) ಇರುವ ವೈಡ್‌ಬ್ಯಾಂಡ್ ಆಂಟೆನಾ ಹಾಕಿದ್ದೇನೆ. ಗೇನ್ (ಸಿಗ್ನಲ್ ಹೆಚ್ಚಿಸುವ ಪ್ರಮಾಣ) 30 ಡಿಬಿ, ಅಂದರೆ ಡೆಸಿಬೆಲ್, ಎಂದು ಪೆಟ್ಟಿಗೆಯ ಮೇಲಿದೆ. ಆರ್‌ಜಿ-6 ಆಂಟೆನಾ ಕೇಬಲ್ ಹಳೆಯದೇ, ಸುಮಾರು 18 ಮೀಟರ್. ಕೆಳಗೆ ಬೂಸ್ಟರ್‌ನ ಪವರ್ ಸಪ್ಲೈ, ಅದಾದ ಮೇಲೆ ಸಿಗ್ನಲ್ ಹಂಚುವ ಎರಡು ದಾರಿಯ ಸ್ಪ್ಲಿಟರ್, ಎರಡು ಟಿವಿ. ಪ್ರಸಾರದ ಟವರ್ 20 ಕಿಲೋಮೀಟರ್ ದೂರ, ನಡುವೆ ಗುಡ್ಡ ಇಲ್ಲ. ಹಳೆಯ ಆಂಟೆನಾದಲ್ಲಿ ಎಲ್ಲ ಚಾನೆಲ್‌ಗಳೂ ಬರುತ್ತಿದ್ದವು. ಈಗ ಟಿವಿಯ ಸಿಗ್ನಲ್ ಮೀಟರ್ ಸ್ಟ್ರೆಂತ್ 90 ತೋರಿಸುತ್ತದೆ, ಕ್ವಾಲಿಟಿ ಮಾತ್ರ 30ರ ಆಸುಪಾಸಿನಲ್ಲಿ ಹೊಯ್ದಾಡುತ್ತದೆ. ಎರಡು ಫ್ರೀಕ್ವೆನ್ಸಿಗಳ ಚಾನೆಲ್‌ಗಳು ಸ್ಕ್ಯಾನ್‌ನಲ್ಲಿ ಸಿಗುವುದೇ ಇಲ್ಲ. ಇನ್ನೂ ದೊಡ್ಡ ಬೂಸ್ಟರ್ ಹಾಕಬೇಕೇ?

ಉತ್ತರ 1

ದಯವಿಟ್ಟು ಹಾಕಬೇಡಿ. ನಿಮ್ಮಲ್ಲಿ ಸಿಗ್ನಲ್ ಕಡಿಮೆಯಾಗಿಲ್ಲ, ಅತಿಯಾಗಿದೆ. ಟಿವಿಯೊಳಗೆ ಚಾನೆಲ್ ಹಿಡಿಯುವ ಟ್ಯೂನರ್‌ಗೆ ಬರುತ್ತಿರುವ ಒಟ್ಟು ಶಕ್ತಿ ಎಷ್ಟು ಎಂಬುದನ್ನು ಸ್ಟ್ರೆಂತ್ ಹೇಳುತ್ತದೆ. ಅದರಲ್ಲಿ ಗದ್ದಲ, ಪಕ್ಕದ ಫ್ರೀಕ್ವೆನ್ಸಿ, ಮೊಬೈಲ್ ಸಿಗ್ನಲ್ ಎಲ್ಲವೂ ಸೇರಿರಬಹುದು. ಬಂದದ್ದರಲ್ಲಿ ತಪ್ಪಿಲ್ಲದೆ ಓದಲು ಆಗುತ್ತಿರುವುದು ಎಷ್ಟು ಎಂಬುದನ್ನು ಕ್ವಾಲಿಟಿ ಹೇಳುತ್ತದೆ. ಮೊದಲನೆಯದು ಮೇಲೆ, ಎರಡನೆಯದು ಕೆಳಗೆ ಇದ್ದರೆ ಮೊದಲ ಅನುಮಾನ ಓವರ್‌ಲೋಡ್ (ತಾಳಲಾರದಷ್ಟು ಸಿಗ್ನಲ್) ಮೇಲೆ, ಆಮೇಲೆ ಪ್ರತಿಫಲನದ ಮೇಲೆ.

ಪರೀಕ್ಷೆ ಸುಲಭ. ಸಿಗ್ನಲ್ ತಗ್ಗಿಸುವ 10 ಡಿಬಿಯ ಒಂದು ಅಟೆನ್ಯುಯೇಟರ್ ತಂದು ಪವರ್ ಸಪ್ಲೈ ಮತ್ತು ಸ್ಪ್ಲಿಟರ್ ನಡುವೆ ಹಾಕಿ. ಪವರ್ ಸಪ್ಲೈಗಿಂತ ಮೇಲೆ, ಆಂಟೆನಾ ಕಡೆಗೆ ಹಾಕಬೇಡಿ. ಅಲ್ಲಿ ಅದು ಇದೇ ಕೇಬಲ್ ಮೂಲಕ ಬೂಸ್ಟರ್‌ಗೆ ಹೋಗುವ ಡಿಸಿ ಕರೆಂಟಿಗೆ ಅಡ್ಡ ಬರಬಹುದು. ಬೂಸ್ಟರ್‌ನ ಪವರ್ ಆಫ್ ಮಾಡಿ ನೋಡುವುದೂ ಸರಿಯಾದ ಪರೀಕ್ಷೆಯಲ್ಲ, ಏಕೆಂದರೆ ಪವರ್ ಇಲ್ಲದ ಬೂಸ್ಟರ್ ಸಾಮಾನ್ಯವಾಗಿ ಸಿಗ್ನಲ್ಲನ್ನೇ ತಡೆದುಬಿಡುತ್ತದೆ.

ಹಳೆಯ ಚಾನೆಲ್ ಪಟ್ಟಿಯನ್ನು ಪೂರ್ತಿ ಅಳಿಸಿ ಮತ್ತೆ ಸ್ಕ್ಯಾನ್ ಮಾಡಿ. ಪಟ್ಟಿ ಉಳಿದಿದ್ದರೆ, ಅದೇ ಚಾನೆಲ್ ಬೇರೆ ಟವರ್‌ನಿಂದ ದುರ್ಬಲವಾಗಿ ಬರುವುದನ್ನೇ ಟಿವಿ ಹಿಡಿದುಕೊಂಡಿರುವ ಸಾಧ್ಯತೆ ಇದೆ.

ಪ್ರಶ್ನೆ ಕೇಳಿದವರು

ಅಟೆನ್ಯುಯೇಟರ್ ಹಾಕಿದ ಮೇಲೆ ಹೆಚ್ಚಿನ ಚಾನೆಲ್‌ಗಳ ಕ್ವಾಲಿಟಿ 65–70ಕ್ಕೆ ಏರಿದೆ. ಆದರೆ ಆ ಎರಡು ಫ್ರೀಕ್ವೆನ್ಸಿಗಳು ಈಗಲೂ ಸಿಗುತ್ತಿಲ್ಲ. ಎರಡೂ ಬ್ಯಾಂಡಿನ ಮೇಲ್ತುದಿಯಲ್ಲಿವೆ. ಆಂಟೆನಾ ನೋಡುವ ದಿಕ್ಕಿನಲ್ಲೇ, ಸ್ವಲ್ಪ ಓರೆಯಾಗಿ, ಒಂದು ಮೊಬೈಲ್ ಟವರ್ ಇದೆ.

ಉತ್ತರ 2

ಹಾಗಾದರೆ ಓವರ್‌ಲೋಡ್ ಎರಡು ಕಡೆ ಆಗುತ್ತಿದೆ. ಅಟೆನ್ಯುಯೇಟರ್ ಟಿವಿಯ ಟ್ಯೂನರನ್ನು ಕಾಪಾಡಿದೆ, ಬೂಸ್ಟರನ್ನು ಅಲ್ಲ. ಬೂಸ್ಟರ್ ಒಳಗೆ ಒಮ್ಮೆ ಕೆಟ್ಟ ಸಿಗ್ನಲ್ಲನ್ನು ಕೆಳಗೆ ಎಷ್ಟು ತಗ್ಗಿಸಿದರೂ ಅದು ಕೆಟ್ಟದ್ದೇ.

ಹಳೆಯ ಯಾಗಿ ಬಹುಶಃ ಬ್ಯಾಂಡಿನ ಒಂದು ಭಾಗಕ್ಕೆ ಮಾತ್ರ ಮಾಡಿದ್ದು. ಅಂಥ ಆಂಟೆನಾ ಮೊಬೈಲಿನ 700–800 ಮೆಗಾಹರ್ಟ್ಜ್ ಸಿಗ್ನಲ್ಲನ್ನು ತಾನಾಗಿಯೇ ಸಾಕಷ್ಟು ತಗ್ಗಿಸುತ್ತದೆ. ಹೊಸ ವೈಡ್‌ಬ್ಯಾಂಡ್ ಆಂಟೆನಾ ಅದನ್ನೂ ಬರಮಾಡಿಕೊಂಡು ನೇರ ಬೂಸ್ಟರ್‌ಗೆ ಕೊಡುತ್ತದೆ. ಮೇಲ್ತುದಿಯ ಚಾನೆಲ್‌ಗಳು ಮೊದಲು ಹೋದದ್ದು ಇದಕ್ಕೆ ಹೊಂದುತ್ತದೆ. ಮೊಬೈಲ್ ಸಿಗ್ನಲ್ ತಡೆಯುವ ಮೊಬೈಲ್ ಫಿಲ್ಟರ್ ಹಾಕುವುದಾದರೆ ಅದು ಬೂಸ್ಟರ್‌ಗಿಂತ ಮೊದಲೇ ಇರಬೇಕು. ನಿಮ್ಮದರಲ್ಲಿ ಬೂಸ್ಟರ್ ಆಂಟೆನಾದ ಡಬ್ಬಿಯಲ್ಲೇ ಕೂತಿರುವುದರಿಂದ ಅದಕ್ಕೆ ಜಾಗವಿಲ್ಲ.

ಲೆಕ್ಕ ಹಾಕಿ ನೋಡಿ. 18 ಮೀಟರ್ ಆರ್‌ಜಿ-6ರಲ್ಲಿ ಯುಎಚ್‌ಎಫ್ ನಷ್ಟ ಸುಮಾರು 3.5 ಡಿಬಿ. ಎರಡು ದಾರಿಯ ಸ್ಪ್ಲಿಟರ್‌ನಲ್ಲಿ ಇನ್ನೊಂದು 4 ಡಿಬಿ. ಒಟ್ಟು 7.5 ಡಿಬಿ ನಷ್ಟಕ್ಕೆ 30 ಡಿಬಿ ಬೂಸ್ಟರ್ ಯಾಕೆ? ಅದೇ ಕೇಬಲ್, ಅದೇ ಸ್ಪ್ಲಿಟರ್‌ನಲ್ಲಿ ಹಳೆಯ ಆಂಟೆನಾ ಬೂಸ್ಟರ್ ಇಲ್ಲದೆ ಕೆಲಸ ಮಾಡುತ್ತಿತ್ತು ತಾನೇ? ಬೂಸ್ಟರ್ ಇಲ್ಲದ ಆಂಟೆನಾ ಹಾಕಿ, ಅದರ ಬುಡದಲ್ಲಿ ಮೊಬೈಲ್ ಫಿಲ್ಟರ್ ಕೊಡಿ.

ಆಗ ಪವರ್ ಸಪ್ಲೈಯನ್ನೂ ತೆಗೆಯಲೇಬೇಕು. ಬೂಸ್ಟರ್ ಇಲ್ಲದ ಬಹಳಷ್ಟು ಆಂಟೆನಾಗಳು ಡಿಸಿಗೆ ನೇರ ಶಾರ್ಟ್ ಇದ್ದಂತೆ. ಮಲ್ಟಿಮೀಟರ್‌ನಲ್ಲಿ ಸೊನ್ನೆ ಓಮ್ ಕಂಡರೆ ಅದು ಆಂಟೆನಾದ ದೋಷವಲ್ಲ, ಆದರೆ ಪವರ್ ಸಪ್ಲೈ ಸುಡಬಹುದು. ಟಿವಿಯ ಮೆನುವಿನಲ್ಲಿ ಆಂಟೆನಾಗೆ 5 ವೋಲ್ಟ್ ಕೊಡುವ ಆಯ್ಕೆ ಇದ್ದರೆ ಅದನ್ನೂ ಆಫ್ ಮಾಡಿ.

ಉತ್ತರ 3

ಮೇಲಿನದನ್ನು ಒಪ್ಪುತ್ತೇನೆ. ಆಂಟೆನಾ ಬದಲಿಸಿದಾಗ ಕನೆಕ್ಟರ್ ಕೂಡ ಹೊಸದಾಗಿ ಕಟ್ಟಿರುತ್ತಾರೆ, ಅದನ್ನು ಬಿಚ್ಚಿ ನೋಡದೆ ಬಿಡಬೇಡಿ. ಹೊರ ಜಾಲರಿಯ ಕೂದಲೆಳೆಯಂಥ ಒಂದು ತಂತಿ ನಡುವಿನ ತಾಮ್ರಕ್ಕೆ ತಾಗಿದರೂ ಸಾಕು, ಸಿಗ್ನಲ್ ಹೋಯಿತು. ಬಿಳಿ ಇನ್ಸುಲೇಶನ್ ಕನೆಕ್ಟರ್ ಒಳಗಿನ ತಳಕ್ಕೆ ಸಮವಾಗಿ ನಿಲ್ಲಬೇಕು, ನಡುವಿನ ತಂತಿ ನಟ್‌ನ ಅಂಚಿನಿಂದ 2 ಮಿಲಿಮೀಟರಿನಷ್ಟು ಹೊರಗಿರಬೇಕು. ಕೇಬಲನ್ನು ಎರಡೂ ತುದಿ ಬಿಡಿಸಿ ಅಳೆಯಿರಿ: ನಡುವಿನ ತಂತಿಗೂ ಜಾಲರಿಗೂ ಸಂಪರ್ಕ ಕಾಣಿಸಲೇಬಾರದು. ಸಿಪ್ಪೆ ಸುಲಿದಾಗ ಜಾಲರಿ ಕಪ್ಪಾಗಿದ್ದರೆ ನೀರು ಒಳಗೆ ಇಳಿದಿದೆ, ಆ ಕೇಬಲ್ ಒರೆಸಿ ಬಳಸುವಂಥದ್ದಲ್ಲ, ಬದಲಿಸಿ.

ಇನ್ನೊಂದು, ಆಂಟೆನಾದ ಕಡ್ಡಿಗಳು ಅಡ್ಡ ಇವೆಯೋ ನೆಟ್ಟಗೆ ನಿಂತಿವೆಯೋ? ಟವರ್‌ನ ಪ್ರಸಾರ ಹೇಗಿದೆಯೋ ಹಾಗೇ ಇರಬೇಕು. ತಪ್ಪಿದರೆ 15–20 ಡಿಬಿ ಹೋಗುತ್ತದೆ.

ಪ್ರಶ್ನೆ ಕೇಳಿದವರು

ಕಡ್ಡಿಗಳು ಅಡ್ಡ ಇವೆ, ಅಕ್ಕಪಕ್ಕದ ಮನೆಗಳಲ್ಲೂ ಹಾಗೇ. ಬೂಸ್ಟರ್ ಇಲ್ಲದ ಆಂಟೆನಾ, ಫಿಲ್ಟರ್ ಹಾಕಿ, ಪವರ್ ಸಪ್ಲೈ ಮತ್ತು ಅಟೆನ್ಯುಯೇಟರ್ ಎರಡನ್ನೂ ತೆಗೆದೆ. ಸ್ಟ್ರೆಂತ್ 62ಕ್ಕೆ ಇಳಿದಿದೆ, ಕ್ವಾಲಿಟಿ 95. ಕಾಣೆಯಾಗಿದ್ದ ಎರಡರಲ್ಲಿ ಒಂದು ಚೆನ್ನಾಗಿದೆ. ಇನ್ನೊಂದರ ಕ್ವಾಲಿಟಿ 50–55, ಆಗಾಗ ಒಡೆಯುತ್ತದೆ.

ಉತ್ತರ 2

ಒಂದೇ ಫ್ರೀಕ್ವೆನ್ಸಿ ಹಿಂದೆ ಬಿದ್ದರೆ ಅದು ಹೆಚ್ಚಾಗಿ ಪ್ರತಿಫಲನದ ಕೆಲಸ. ನೇರ ಬಂದ ಅಲೆಯೂ ತಾರಸಿಗೆ ಬಡಿದು ಬಂದ ಅಲೆಯೂ ಆ ಎತ್ತರದಲ್ಲಿ ಒಂದನ್ನೊಂದು ಕಳೆಯುತ್ತಿರಬಹುದು. 600 ಮೆಗಾಹರ್ಟ್ಜ್‌ನಲ್ಲಿ ಅಲೆಯ ಉದ್ದ ಅರ್ಧ ಮೀಟರ್ ಅಷ್ಟೇ, ಆದ್ದರಿಂದ ಸ್ವಲ್ಪ ಸರಿಸಿದರೂ ವ್ಯತ್ಯಾಸ ಕಾಣುತ್ತದೆ. ಆಂಟೆನಾವನ್ನು ಕಂಬದಲ್ಲಿ 10 ಸೆಂಟಿಮೀಟರಿನಂತೆ ಮೇಲೆ ಕೆಳಗೆ ಮಾಡಿ, ಪ್ರತಿ ಸಲ ಆ ಫ್ರೀಕ್ವೆನ್ಸಿಯ ಕ್ವಾಲಿಟಿ ಸ್ಥಿರವಾಗುವವರೆಗೆ ಕಾಯಿರಿ. ಮೀಟರ್ ತಡವಾಗಿ ಬದಲಾಗುತ್ತದೆ. ಆಮೇಲೆ ಮೊಬೈಲ್ ಟವರ್‌ನಿಂದ ಆಚೆಗೆ ಐದಾರು ಡಿಗ್ರಿ ತಿರುಗಿಸಿ ನೋಡಿ. ಉಳಿದ ಚಾನೆಲ್‌ಗಳ ಸ್ಟ್ರೆಂತ್ ನಾಲ್ಕಾರು ಅಂಕ ಇಳಿದರೂ ಚಿಂತೆಯಿಲ್ಲ, ನಿಮಗೆ ಬೇಕಾದದ್ದು ಎಲ್ಲಕ್ಕಿಂತ ಕೆಳಗಿರುವ ಚಾನೆಲ್ ಮೇಲೇಳುವುದು. ಜಾಗ ಸಿಕ್ಕ ಮೇಲೆ ಬೋಲ್ಟ್ ಬಿಗಿ ಮಾಡಿ, ಕನೆಕ್ಟರ್ ಮತ್ತು ಫಿಲ್ಟರ್‌ಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪ್ ಸುತ್ತಿ. ಮಳೆನೀರು ಕೇಬಲ್ ಗುಂಟ ಒಳಗೆ ಬರದಂತೆ, ಗೋಡೆ ಹೊಕ್ಕುವ ಮೊದಲು ಕೇಬಲ್ಲಿಗೆ ಕೆಳಮುಖವಾಗಿ ಒಂದು ಬಳುಕು ಬಿಡಿ.