ಸಹಾಯ ಬೇಕು: ಮಹಿಳೆಯರ ಕೈಗೆ ಹೊಂದುವ ಕುಡುಗೋಲಿನ ಹಿಡಿ

ನಮಸ್ಕಾರ. ಕೃಷಿ ಕೂಲಿ ಮಾಡುವ ಮಹಿಳೆಯರಿಗಾಗಿ ಕುಡುಗೋಲಿನ ಹಿಡಿಯನ್ನು ಹೊಸದಾಗಿ ರೂಪಿಸುವ ಪ್ರಯತ್ನದಲ್ಲಿದ್ದು, ಮುಂದೆ ದಾರಿ ತೋಚದೆ ಬಲ್ಲವರ ಸಲಹೆ ಕೋರುತ್ತಿದ್ದೇನೆ.

ಈಗಿರುವ ಹಿಡಿಯ ವ್ಯಾಸ ಸುಮಾರು 45 ಮಿ.ಮೀ. ಇದ್ದು, ಅದನ್ನು ಹಿಡಿದಾಗ ಹಲವರ ಹೆಬ್ಬೆರಳು ತೋರುಬೆರಳಿನ ತುದಿಯನ್ನು ಮುಟ್ಟುವುದೇ ಇಲ್ಲ. ಮಹಿಳೆಯರ ಹಿಡಿತದ ಬಲ ಸರಾಸರಿಯಲ್ಲಿ ಪುರುಷರದಕ್ಕಿಂತ ಕಡಿಮೆಯಿರುವುದರಿಂದ, ಬೆರಳು ಪೂರ್ತಿ ಸುತ್ತದ ಹಿಡಿಯನ್ನು ದಿನವಿಡೀ ಬಿಗಿಹಿಡಿಯುವುದು ಮಣಿಕಟ್ಟಿಗೂ ಮುಂಗೈಗೂ ನಿಜವಾದ ಹೊರೆ. ಅಭ್ಯಾಸವಾದರೆ ಸರಿಹೋಗುತ್ತದೆ ಎಂಬ ಮಾತನ್ನು ನಾನು ಒಪ್ಪಲಾರೆ.

ವ್ಯಾಸವನ್ನು 30 ಮಿ.ಮೀ.ಗೆ ಇಳಿಸಿದಾಗ ಬೆರಳುಗಳು ಚೆನ್ನಾಗಿ ಸುತ್ತಿಕೊಂಡವು. ಆದರೆ ಅಲಗು ಗಟ್ಟಿ ದಂಟಿಗೆ ತಾಗಿದೊಡನೆ ದುಂಡನೆಯ ಹಿಡಿ ಅಂಗೈಯೊಳಗೆ ತಿರುಗುತ್ತದೆ, ಅದನ್ನು ತಡೆಯಲು ಅವರು ಮತ್ತಷ್ಟು ಬಿಗಿಯಾಗಿ ಹಿಡಿಯಬೇಕಾಗುತ್ತದೆ. ಸೈಕಲ್ ಟ್ಯೂಬ್ ಸುತ್ತಿದರೆ ಜಾರುವುದು ನಿಂತರೂ, ಬೆವರಿದ ಚರ್ಮ ಉಜ್ಜಿ ಹೆಬ್ಬೆರಳಿನ ಬುಡದಲ್ಲಿ ಬೊಬ್ಬೆ ಏಳುತ್ತದೆ.

ಹೀಗಾಗಿ ಹಿಡಿಯನ್ನು ಅಂಡಾಕಾರಕ್ಕೆ ಬದಲಿಸಬೇಕೆಂದಿದ್ದೇನೆ. ನನ್ನ ಗೊಂದಲವಿರುವುದು ಇಲ್ಲಿ: ಅಂಡಾಕಾರದ ಅಗಲವಾದ ಬದಿ ಅಲಗಿನ ದಿಕ್ಕಿಗೆ ನೇರವಾಗಿರಬೇಕೇ ಅಥವಾ ಅಡ್ಡವಾಗಿರಬೇಕೇ, ಮತ್ತು 30 ಮಿ.ಮೀ. ಅಳತೆಯನ್ನು ಅದರ ಅಗಲಕ್ಕೆ ಇಟ್ಟುಕೊಳ್ಳಬೇಕೇ, ದಪ್ಪಕ್ಕೆ ಇಟ್ಟುಕೊಳ್ಳಬೇಕೇ? ಇಂಥ ಹಿಡಿಯನ್ನು ಸ್ವತಃ ಮಾಡಿದವರು ಅಥವಾ ಬಳಸಿದವರು ದಯವಿಟ್ಟು ತಿಳಿಸಿ.