ವೂಲಿ ಬಗರ್ ಕಟ್ಟುವಾಗ ದಾರ ಪಟ್ ಅಂತ ಹರಿಯುತ್ತದೆ, ತಲೆ ಹತ್ತಿರ ಜಾಗ ಉಳಿಯುವುದೇ ಇಲ್ಲ

ಹೊಳೆಬದಿ:
ಎಲ್ಲರಿಗೂ ನಮಸ್ಕಾರ. ಊರು ತೀರ್ಥಹಳ್ಳಿ ಕಡೆ, ಈಗ ಪೆನ್ಸಿಲ್ವೇನಿಯಾದ ಸ್ಟೇಟ್ ಕಾಲೇಜ್‌ನಲ್ಲಿದ್ದೇನೆ. ಚಿಕ್ಕಂದಿನಲ್ಲಿ ತುಂಗಾ ಹೊಳೆಯಲ್ಲಿ ಎರೆಹುಳ ಸಿಕ್ಕಿಸಿ ಗಾಳ ಹಾಕಿದವನು. ಇಲ್ಲಿಗೆ ಬಂದ ಮೇಲೆ ಸ್ಪ್ರಿಂಗ್ ಕ್ರೀಕ್ ಹೊಳೆಯಲ್ಲಿ ಫ್ಲೈ, ಅಂದರೆ ಗಾಳಕ್ಕೆ ಗರಿ, ದಾರ ಸುತ್ತಿ ಮಾಡಿದ ಹುಳುವಿನಂಥ ಆಮಿಷ, ಹಾಕಿ ಟ್ರೌಟ್ ಮೀನು ಹಿಡಿಯುವುದು ಕಲಿತೆ. ಇಷ್ಟು ದಿನ ಅಂಗಡಿ ಫ್ಲೈ ಕೊಳ್ಳುತ್ತಿದ್ದೆ. ಈ ಚಳಿಗಾಲ ನಾನೇ ಕಟ್ಟೋಣ ಅಂತ ಕೂತಿದ್ದೇನೆ.

ಎಲ್ಲರೂ ವೂಲಿ ಬಗರ್ ಅನ್ನುವ ಫ್ಲೈಯಿಂದ ಶುರು ಮಾಡು ಅಂದರು. 8ನೇ ನಂಬರ್ ಉದ್ದ ಗಾಳ, ಕಪ್ಪು ಮರಬೂ (ಮೆತ್ತನೆ ಗರಿ) ಬಾಲ, ಹಸಿರು ಶೆನೀಲ್ (ತುಪ್ಪಳದಂಥ ದಪ್ಪ ನೂಲು) ಮೈ, ಮೇಲೆ ಹ್ಯಾಕಲ್, ಅಂದರೆ ಹುಂಜದ ಗರಿ, ಸುತ್ತಬೇಕು. ನೋಡಲು ಸುಲಭ. ನನ್ನ ಕೈಗೆ ಮಾತ್ರ ಬರುತ್ತಿಲ್ಲ. ಮರಬೂ ಬಿಗಿಯಲು ಹೋದರೆ ದಾರ ಹರಿಯುತ್ತದೆ, ಎಲ್ಲ ಬಿಚ್ಚಿಕೊಳ್ಳುತ್ತದೆ. ಹರಿಯದೆ ಮುಂದೆ ಬಂದರೆ ಹ್ಯಾಕಲ್‌ನ ಕಡ್ಡಿ ಅರ್ಧದಲ್ಲಿ ಮುರಿಯುತ್ತದೆ. ಅದೂ ಆಯಿತು ಅಂದರೆ ಕೊನೆಗೆ ಗಾಳದ ಕಣ್ಣಿನ ಮೇಲೇ ದಾರ ಏರಿ ಕೂತು, ನೈಲಾನ್ ತೂರಿಸಲು ತೂತೇ ಇರುವುದಿಲ್ಲ. ದಾರ 8/0, ಹ್ಯಾಕಲ್ 'ಇಂಡಿಯನ್ ಕೇಪ್' ಅಂತ ಬರೆದ ಪ್ಯಾಕೆಟ್, ಕಡಿಮೆ ಬೆಲೆಗೆ ಸಿಕ್ಕಿತು ಅಂತ ತಂದೆ.

ಇನ್ನೊಂದು ವಿಷಯ. ಅಮ್ಮ ಮಾರ್ಚ್‌ನಲ್ಲಿ ಬರುತ್ತಿದ್ದಾರೆ. ತೋಟದಲ್ಲಿ ಉದುರಿದ ನವಿಲುಗರಿ ಒಂದು ಕಟ್ಟು ಮನೆಯಲ್ಲಿದೆ. ಒಂದಷ್ಟು ತರಲು ಹೇಳಲಾ? ಇಲ್ಲಿ ಫ್ಲೈ ಕಟ್ಟಲು ನವಿಲುಗರಿ ತುಂಬಾ ಬಳಸುತ್ತಾರೆ, ಅಲ್ವಾ.

ಗಾಳ_ದಾರ:
ಮೊದಲು ದಾರದ ಮಾತು, ಉಳಿದ ಎಲ್ಲ ತೊಂದರೆಗೂ ಅದೇ ಬುಡ. 8/0 ತೆಳು ದಾರ, ಸಣ್ಣ ಫ್ಲೈಗೆ ಸರಿ. ಬಗರ್‌ಗೆ ಸ್ವಲ್ಪ ದಪ್ಪದ್ದು, 6/0 ಅಥವಾ 140 ಡೀನಿಯರ್, ತನ್ನಿ. ಅದಕ್ಕೂ ಮೊದಲು ನಿಮ್ಮ ಬಾಬಿನ್, ಅಂದರೆ ದಾರದ ಉಂಡೆ ಹಿಡಿದು ಕೊಳವೆಯಿಂದ ದಾರ ಬಿಡುವ ಉಪಕರಣ, ನೋಡಿ. ಕೊಳವೆಯ ತುದಿಯ ಮೇಲೆ ಸ್ವಲ್ಪ ಹತ್ತಿ ಸವರಿ. ಎಳೆ ಸಿಕ್ಕಿಕೊಂಡರೆ ಅಲ್ಲಿ ಮುಳ್ಳು ಇದೆ ಅಂತ ಅರ್ಥ, ಅದೇ ದಾರ ಕೊಯ್ಯುತ್ತದೆ. ತುದಿಗೆ ಸೆರಾಮಿಕ್ ಇರುವ ಬಾಬಿನ್‌ನಲ್ಲಿ ಈ ಕಾಟ ಇಲ್ಲ. ಬಾಬಿನ್‌ನ ಎರಡು ಕೈ ಉಂಡೆಯನ್ನು ತುಂಬಾ ಬಿಗಿ ಹಿಡಿದಿದ್ದರೂ ದಾರ ಹರಿಯುತ್ತದೆ. ಉಂಡೆ ತೆಗೆದು ಕೈಗಳನ್ನು ಸ್ವಲ್ಪ ಹೊರಗೆ ಬಾಗಿಸಿ. ಬಾಬಿನ್ ತೂಗುಬಿಟ್ಟಾಗ ದಾರ ಜಾರಬಾರದು, ಮೆಲ್ಲಗೆ ಎಳೆದರೆ ಬರಬೇಕು, ಅಷ್ಟೇ.

ಆಮೇಲೆ ಒಂದು ಸಂಜೆ ಸುಮ್ನೆ ದಾರ ಹರಿಯಲಿಕ್ಕೇ ಇಡಿ. ಬರಿ ಗಾಳಕ್ಕೆ ದಾರ ಸುತ್ತಿ, ಹರಿಯುವ ತನಕ ಎಳೆಯಿರಿ. ಹತ್ತು ಸಲ. ಎಲ್ಲಿ ಹರಿಯುತ್ತದೆ ಅಂತ ಕೈಗೆ ಗೊತ್ತಾಗುತ್ತದೆ, ಆಮೇಲೆ ಅದಕ್ಕಿಂತ ಒಂದಿಷ್ಟು ಕಡಿಮೆ ಬಿಗಿಯಲ್ಲಿ ಕಟ್ಟುತ್ತೀರಿ. ನಾನು ಇದನ್ನು ಮಾಡದೆ ಒಂದು ವರ್ಷ ಕಳೆದೆ. ಯಾರೂ ಹೇಳಿರಲಿಲ್ಲ.

ಇನ್ನು ಆ ಕೇಪ್, ಅಂದರೆ ಹುಂಜದ ಕತ್ತಿನ ಗರಿ. ಈಗಿನ ಹಾಗೆ ಹ್ಯಾಕಲ್‌ಗೆಂದೇ ಹುಂಜ ಸಾಕುವ ಮೊದಲು ಭಾರತದಿಂದ ಬಂದ ಹುಂಜದ ಕತ್ತಿನ ಗರಿಯಲ್ಲೇ ಇಲ್ಲಿನವರು ಫ್ಲೈ ಕಟ್ಟುತ್ತಿದ್ದರು. ಕೆಟ್ಟದ್ದಲ್ಲ, ಎಸೆಯಬೇಡಿ. ಆದರೆ ಗರಿ ಗಿಡ್ಡ, ಕಡ್ಡಿ ದಪ್ಪ. ಬಗರ್‌ನ ಉದ್ದ ಮೈ ಪೂರ್ತಿ ಸುತ್ತಲು ಸಾಲುವುದಿಲ್ಲ, ಎಳೆದು ಸಾಲಿಸಲು ಹೋದರೆ ಮುರಿಯುತ್ತದೆ. ಬೆನ್ನಿನ ಗರಿ, ಅಂದರೆ ಸ್ಯಾಡಲ್, ತನ್ನಿ. ಉದ್ದ ಇರುತ್ತದೆ, ಮೆತ್ತಗೆ ಬಾಗುತ್ತದೆ. ಗರಿಯನ್ನು ತುದಿ ಕಡೆಯಿಂದ ಕಟ್ಟಿ, ಬುಡದ ಕಡೆಯಿಂದಲ್ಲ. ಆಗ ಬಾಲದ ಹತ್ತಿರ ಗಿಡ್ಡ, ತಲೆ ಹತ್ತಿರ ಉದ್ದ ಬರುತ್ತದೆ.

ಅಂದ ಹಾಗೆ ನೀವು ಸರಿಯಾದ ಜಾಗದಲ್ಲೇ ಇದನ್ನು ಕಟ್ಟುತ್ತಿದ್ದೀರಿ. ವೂಲಿ ಬಗರ್ ಹುಟ್ಟಿದ್ದೇ ಪೆನ್ಸಿಲ್ವೇನಿಯಾದಲ್ಲಿ. 1967ರಲ್ಲಿ ರಸೆಲ್ ಬ್ಲೆಸಿಂಗ್ ಅನ್ನುವವರು ಹೆಲ್‌ಗ್ರಮೈಟ್ ಹುಳುವಿನ ಹಾಗೆ ಕಾಣಲಿ ಅಂತ, ಸ್ಮಾಲ್‌ಮೌತ್ ಬಾಸ್ ಮೀನು ಹಿಡಿಯಲು ಕಟ್ಟಿದ್ದು.

ಕನಕಾಂಬರ:
ನಿಮ್ಮ ಅಮ್ಮ ಬಂದಾಗ ಗರಿ ಕೇಳುವುದಕ್ಕಿಂತ ಹೂ ಕಟ್ಟಿ ತೋರಿಸಲು ಹೇಳಿ. ನಿಜವಾಗಿ ಹೇಳುತ್ತಿದ್ದೇನೆ. ತೊಟ್ಟು ಎದುರು ಬದುರು ಇಟ್ಟು, ದಾರ ಒಂದು ಸುತ್ತು ತಂದು, ಬೆರಳಲ್ಲಿ ಕುಣಿಕೆ ಮಾಡಿ ಎಳೆಯುತ್ತಾರಲ್ಲ, ಆ ಎಳೆತ ನೋಡಿ. ಜೋರಾದರೆ ಮಲ್ಲಿಗೆ ತೊಟ್ಟು ಕತ್ತರಿಸುತ್ತದೆ, ಸಡಿಲವಾದರೆ ಹೂ ಉದುರುತ್ತದೆ. ನಾನು ಅಬರ್ಡೀನ್‌ಗೆ ಬಂದು ಫ್ಲೈ ಕಟ್ಟಲು ಕಲಿತಾಗ ಕೊನೆಯ ಗಂಟು, ಆ ವಿಪ್ ಫಿನಿಶ್, ಉಪಕರಣ ಇಲ್ಲದೆ ಬೆರಳಲ್ಲೇ ಬೇಗ ಬಂತು. ಕೈಗೆ ಕುಣಿಕೆ ಮೊದಲೇ ಗೊತ್ತಿತ್ತು.

ಮರಬೂ ಕಟ್ಟುವಾಗ ಹೀಗೆ ಮಾಡಿ. ಗರಿಯನ್ನು ನೀರಲ್ಲಿ ಒದ್ದೆ ಮಾಡಿ, ಹಾರಾಡುವುದಿಲ್ಲ. ಗಾಳದ ಮೇಲೆ ಇಟ್ಟು ಹೆಬ್ಬೆರಳು ತೋರುಬೆರಳಲ್ಲಿ ಚಿಟಿಕೆ ಹಿಡಿಯಿರಿ. ದಾರವನ್ನು ಆ ಎರಡು ಬೆರಳ ನಡುವೆಯೇ ಸಡಿಲವಾಗಿ ಮೇಲೆ ತಂದು, ಆಚೆ ಇಳಿಸಿ, ಆಮೇಲೆ ನೇರ ಕೆಳಗೆ ಎಳೆಯಿರಿ. ಇನ್ನೊಂದು ಸಲ ಹಾಗೇ. ಎರಡು ಮೆತ್ತನೆ ಸುತ್ತು ಆದ ಮೇಲೆ ಬಿಗಿ. ಮೊದಲ ಸುತ್ತೇ ಬಿಗಿದರೆ ಗರಿ ಗಾಳದ ಆಚೆ ಪಕ್ಕಕ್ಕೆ ತಿರುಗಿಕೊಳ್ಳುತ್ತದೆ. ಬಾಲ ಗಾಳದ ಕಡ್ಡಿಯಷ್ಟೇ ಉದ್ದ ಸಾಕು. ಉಳಿದ ಬುಡವನ್ನು ಬಾಲದ ಹತ್ತಿರ ಕತ್ತರಿಸಬೇಡಿ, ಕಡ್ಡಿಯ ಉದ್ದಕ್ಕೂ ಮಲಗಿಸಿ ಸುತ್ತಿ, ಆಗ ಮೈಯಲ್ಲಿ ಉಬ್ಬು ತಗ್ಗು ಬರುವುದಿಲ್ಲ.

ತಲೆಗೆ ಜಾಗ ಇಲ್ಲ ಅಂದಿರಲ್ಲ, ಅದು ತಲೆ ಹತ್ತಿರ ಆಗುವ ತಪ್ಪಲ್ಲ, ಶೆನೀಲ್ ನಿಲ್ಲಿಸುವಾಗ ಆಗುವ ತಪ್ಪು. ಕಣ್ಣಿನ ಎರಡರಷ್ಟು ಜಾಗ ಬರಿ ಬಿಟ್ಟು ಅಲ್ಲೇ ಶೆನೀಲ್ ಕಟ್ಟಿ. ಶುರು ಮಾಡುವಾಗಲೇ ಅಲ್ಲಿ ದಾರದ ಒಂದು ಗುರುತು ಹಾಕಿಕೊಂಡರೆ ಒಳ್ಳೆಯದು.

ಈಗ ನವಿಲುಗರಿ. ದಯವಿಟ್ಟು ತರಿಸಬೇಡಿ. ಉದುರಿದ ಗರಿ ಊರಲ್ಲಿ ಇಟ್ಟುಕೊಳ್ಳಬಹುದು, ಆದರೆ ಭಾರತದಿಂದ ಹೊರಗೆ ಒಯ್ಯುವ ಹಾಗಿಲ್ಲ. ವಿಮಾನ ನಿಲ್ದಾಣದಲ್ಲಿ ಅಮ್ಮ ಉತ್ತರ ಕೊಡಬೇಕಾಗುತ್ತದೆ. ನಿಮಗೆ ಬೇಕಾದ ನವಿಲಿನ ಎಳೆ ಅಲ್ಲಿನ ಅಂಗಡಿಯಲ್ಲೇ ಕಟ್ಟಾಗಿ ಸಿಗುತ್ತದೆ.

ಇದಕ್ಕಿಂತ ನನ್ನ ಮನಸ್ಸಿಗೆ ಹತ್ತಿರದ ವಿಷಯ ಕಾಡುಕೋಳಿ. ನನ್ನ ಊರು ಸಕಲೇಶಪುರ. ಬೆಳಗ್ಗೆ ಕಾಫಿ ತೋಟದ ಅಂಚಿನಲ್ಲಿ ಬೂದು ಕಾಡುಕೋಳಿ ಹುಂಜ ಕೂಗುವುದನ್ನು ಕೇಳುತ್ತಾ ಬೆಳೆದವಳು. ಇಲ್ಲಿ ಸ್ಕಾಟ್ಲೆಂಡ್‌ನಲ್ಲಿ ಹಳೆಯ ಸಾಲ್ಮನ್ ಫ್ಲೈಗಳ ಪೆಟ್ಟಿಗೆ ತೆರೆದಾಗ ಪ್ರತಿಯೊಂದರ ಕೆನ್ನೆಯಲ್ಲೂ ಅದೇ ಹುಂಜದ ಕತ್ತಿನ ಗರಿ! ಕಪ್ಪು ಗರಿಯ ಮೇಲೆ ಕೆನೆಬಣ್ಣದ ಚುಕ್ಕೆ, ಮೇಣ ತೊಟ್ಟಿಕ್ಕಿಸಿದ ಹಾಗೆ ಹೊಳೆಯುತ್ತದೆ, ಉಗುರಲ್ಲಿ ಮುಟ್ಟಿದರೆ ಗಟ್ಟಿ. ಆ ಒಂದು ಚುಕ್ಕೆಗಾಗಿ ನಮ್ಮ ಘಟ್ಟದ ಕೋಳಿಗಳನ್ನು ಎಷ್ಟು ಕೊಂದಿರಬೇಕು ಅಂತ ಅವತ್ತು ಸಂಕಟ ಆಯಿತು. ಈಗ ಅಲ್ಲಿ ಅದಕ್ಕೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಬ್ರಿಟನ್ನಿನಲ್ಲಿ ಕಾಡುಕೋಳಿ ಸಾಕಿ ಗರಿ ಮಾರುವವರಿದ್ದಾರೆ, ದುಬಾರಿ. ಊರಿಂದ ಯಾರಾದರೂ 'ಜಂಗಲ್ ಕಾಕ್', ಅಂದರೆ ಇದೇ ಗರಿ, ಕಳಿಸುತ್ತೇನೆ ಅಂದರೆ ಮುಟ್ಟಬೇಡಿ.

ಸಹ್ಯಾದ್ರಿ_ಹುಡುಗ:
ಮೇಲಿನ ಇಬ್ಬರೂ ಹೇಳಿದ್ದು ಸರಿ. ನಾನು ಸೇರಿಸುವುದು ಇಷ್ಟೇ: ಗಾಳವನ್ನು ವೈಸ್‌ಗೆ (ಕಟ್ಟುವಾಗ ಗಾಳ ಹಿಡಿದಿಡುವ ಇಕ್ಕಳ) ಸಿಕ್ಕಿಸುವ ಮೊದಲೇ ಅದರ ಹಿಮ್ಮುಳ್ಳನ್ನು ಪ್ಲಯರ್‌ನಲ್ಲಿ ಒತ್ತಿಬಿಡಿ. ಗಾಳ ಮುರಿದರೆ ಆಗಲೇ ಮುರಿಯಲಿ, ಫ್ಲೈ ಕಟ್ಟಿದ ಮೇಲೆ ಬೇಡ. ಸ್ಪ್ರಿಂಗ್ ಕ್ರೀಕ್‌ನಲ್ಲಿ ಹೇಗೂ ಮೀನನ್ನು ವಾಪಸ್ ಬಿಡಲೇಬೇಕು, ಮುಳ್ಳಿಲ್ಲದಿದ್ದರೆ ಮೀನಿಗೂ ಸುಲಭ. ಮತ್ತೆ, ಒಂದೇ ಫ್ಲೈಯನ್ನು ಒಂದು ಡಜನ್ ಕಟ್ಟಿ, ಅದೇ ನಂಬರ್, ಅದೇ ಬಣ್ಣ. ಹತ್ತು ಬಗೆ ಒಂದೊಂದು ಕಟ್ಟಿದರೆ ಕೈ ಕೂರುವುದಿಲ್ಲ.

ಹೊಳೆಬದಿ:
ಎಲ್ಲರಿಗೂ ಧನ್ಯವಾದ. ಹತ್ತಿ ಸವರಿ ನೋಡಿದೆ, ಬಾಬಿನ್ ತುದಿಯಲ್ಲಿ ಮುಳ್ಳು ಇತ್ತು! ಇಷ್ಟು ದಿನ ನನ್ನ ಕೈಯದೇ ತಪ್ಪು ಅಂದುಕೊಂಡಿದ್ದೆ. ಹೊಸ ಬಾಬಿನ್, 6/0 ದಾರ, ಸ್ಯಾಡಲ್ ಗರಿ ತಂದು ಎರಡು ವಾರದಲ್ಲಿ ಹನ್ನೊಂದು ಕಟ್ಟಿದೆ. ಏಳನೆಯದರಿಂದ ಕಣ್ಣಿನ ತೂತು ಕಾಣುತ್ತಿದೆ. ಅಮ್ಮನಿಗೆ ಗರಿ ಬೇಡ ಅಂದೆ, ದೇವರ ಕೋಣೆಯಲ್ಲೇ ಇರಲಿ ಬಿಡು ಅಂದರು. ಹೂ ಕಟ್ಟಿ ತೋರಿಸಲು ಕೇಳಿದ್ದಕ್ಕೆ ತುಂಬಾ ಖುಷಿಪಟ್ಟರು.

ಒಂದು ಉಳಿದಿದೆ. ಹ್ಯಾಕಲ್ ಬಿಚ್ಚಿಕೊಳ್ಳದಿರಲಿ ಅಂತ ಅದರ ಮೇಲೆ ತೆಳು ತಂತಿ ಎದುರು ದಿಕ್ಕಿನಲ್ಲಿ ಸುತ್ತುವಾಗ ಗರಿಯ ಎಳೆಗಳು ಅದರಡಿ ಸಿಕ್ಕಿ ಮಲಗುತ್ತವೆ. ಏನು ಮಾಡಲಿ?

ಗಾಳ_ದಾರ:
ತಂತಿಯನ್ನು ನೇರ ಎಳೆಯಬೇಡಿ. ಅತ್ತಿತ್ತ ಅಲ್ಲಾಡಿಸುತ್ತಾ ಎಳೆಗಳ ನಡುವೆ ಇಳಿಸಿ. ಆದರೂ ಸಿಕ್ಕಿದ್ದನ್ನು ಸೂಜಿಯಲ್ಲಿ ಎತ್ತಿ ಬಿಡಿಸಿ. ಹನ್ನೆರಡನೆಯದು ಕಟ್ಟಿದ ಮೇಲೆ ಫೋಟೋ ಹಾಕಿ, ನೋಡೋಣ.